ನನ್ನ ಹೊಟ್ಟೆಯ ಚುರುಮುರಿ

ನಾನು ಒಂದು ಲ್ಯಾಪ್‌ಟಾಪು. ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ, ಬಿಳಿ ಟೊಪ್ಪಿಗೆ, ಬಿಳಿ ಕೈಗವಸು ಹಾಕಿಕೊಂಡ ಹೆಂಗಸರ ಕೈಯಲ್ಲಿ. ಅವರ ಮುಖ ನನಗೆ ನೆನಪಿಲ್ಲ. ಕಣ್ಣು ಬಿಡುವಷ್ಟರಲ್ಲಿ ನನ್ನನ್ನು ಥರ್ಮಾಕೋಲಿನ ನಡುವೆ ಕೂರಿಸಿ ಪೆಟ್ಟಿಗೆ ಮುಚ್ಚಿಬಿಟ್ಟಿದ್ದರು. ಆಗ ನನ್ನ ಮೈ ಫಳಫಳ ಹೊಳೆಯುತ್ತಿತ್ತು, ಒಂದು ಕೀಯೂ ಸಡಿಲವಿರಲಿಲ್ಲ. ಲೋಕದಲ್ಲಿ ಯಾರು ಏನೇ ಬರೆದರೂ ಅದರ ತಪ್ಪು ಹಿಡಿಯಬಲ್ಲೆ ಎಂಬ ಜಂಬ ಬೇರೆ ಇತ್ತು. ಆ ಜಂಬ ಇಳಿದದ್ದು ಧಾರವಾಡ ಜಿಲ್ಲೆಯ ಗರಗದಲ್ಲಿ, ಓದು ಬರಹ ಬಾರದ ಒಬ್ಬ ಅಜ್ಜಿಯ ಮುಂದೆ.

ನನ್ನ ಮೊದಲ ಯಜಮಾನರು ಹುಬ್ಬಳ್ಳಿಯ ವಿರೂಪಾಕ್ಷ ಬಾಕಳೆಯವರು. ದುರ್ಗದಬೈಲಿನ ಹತ್ತಿರ ಅವರದೊಂದು ಫೋಟೋ ಸ್ಟುಡಿಯೋ. ಆರು ವರ್ಷ ನಾನು ಬರೀ ಮದುವೆ ಫೋಟೋ ನೋಡಿದೆ. ಮದುಮಗಳ ಮೊಡವೆ ಅಳಿಸುವುದು, ಊಟದ ಪಂಕ್ತಿಯಲ್ಲಿ ಬಾಯಿ ತೆರೆದವರ ಬಾಯಿ ಮುಚ್ಚಿಸುವುದು, ಇದೇ ಕೆಲಸ. ಬಾಕಳೆಯವರು ಒಳ್ಳೆಯವರೇ, ಆದರೆ ಅವರಿಗೆ ಸಂಜೆಯಾದರೆ ಒಗ್ಗರಣೆ ಚುರುಮುರಿಯ ಗಿರ್ಮಿಟ್ ಬೇಕು, ಅದನ್ನು ನನ್ನ ಮೇಲೆಯೇ ತಿನ್ನಬೇಕು. ಒಂದು ಕೈ ಚುರುಮುರಿಯ ಪೊಟ್ಟಣದಲ್ಲಿ, ಇನ್ನೊಂದು ಕೈ ನನ್ನ ಕೀಗಳ ಮೇಲೆ. ಕೆಳಗೆ ಬಿದ್ದದ್ದನ್ನು ಉಫ್ ಎಂದು ಊದಿದರೆ ಮುಗಿಯಿತು ಎಂದು ಅವರು ತಿಳಿದಿದ್ದರು. ಎಲ್ಲವೂ ಹಾರಿ ಹೋಗುತ್ತಿರಲಿಲ್ಲ.

ಅವರ ಹಿರಿಯ ಮಗಳ ಮದುವೆಗೆ ಗರಗದ ಮೌಲಾಸಾಬ ನದಾಫರು ಅರಳೆ ಹಿಂಜಿ ಎರಡು ಗಾದಿ ಮಾಡಿಕೊಟ್ಟರು. ಮಾತಿನ ನಡುವೆ ಮೌಲಾಸಾಬರ ಮಗಳು ಶಮೀಮಾ ಧಾರವಾಡದಲ್ಲಿ ಕನ್ನಡ ಎಂ.ಎ. ಓದುವ ಸುದ್ದಿ ಬಂತು. ಬಾಕಳೆಯವರು ಅಷ್ಟರಲ್ಲಿ ಹೊಸ ಕಂಪ್ಯೂಟರ್ ತಂದಿದ್ದರು. ಗಾದಿಯ ದುಡ್ಡಿಗೆ ಬದಲಾಗಿ ಈ ಹಳೆಯ ಲ್ಯಾಪ್‌ಟಾಪನ್ನೇ ಒಯ್ಯಿರಿ ಎಂದರು. ಮೌಲಾಸಾಬರು ನನ್ನನ್ನು ಅರಳೆಯ ಚೀಲದ ಮೇಲಿಟ್ಟುಕೊಂಡು ಟೆಂಪೋದಲ್ಲಿ ಊರಿಗೆ ತಂದರು. ಅಷ್ಟು ಮೆತ್ತಗಿನ ಪ್ರಯಾಣ ನಾನು ಹಿಂದೆಯೂ ಮಾಡಿರಲಿಲ್ಲ, ಮುಂದೆಯೂ ಮಾಡಲಿಲ್ಲ.

ಶಮೀಮಾಳ ಕೈ ಸೇರಿದ ಮೇಲೆ ಬಿಡುವು ಎಂಬುದು ಮರೆತೇ ಹೋಯಿತು. ಅವಳಿಗೇ ಇಲ್ಲದ ಬಿಡುವು ನನಗೆಲ್ಲಿಂದ? ಬೆಳಿಗ್ಗೆ ಆರಕ್ಕೆ ಓಣಿಯ ಮಕ್ಕಳಿಗೆ ಟ್ಯೂಷನ್, ಎಂಟರ ಬಸ್ಸಿಗೆ ಧಾರವಾಡ, ಕ್ಲಾಸು ಮುಗಿದ ಮೇಲೆ ಲೈಬ್ರರಿಯಲ್ಲಿ ಪುಸ್ತಕ ಜೋಡಿಸುವ ಕೆಲಸ, ಸಂಜೆ ಮನೆಯಲ್ಲಿ ಗಾದಿಯ ಗವಸು ಹೊಲಿಗೆ. ಇದರ ಸಂದಿಗೊಂದಿಯಲ್ಲಿ ನಾನು. ನಾನಾದರೂ ಅವಳಿಗೆ ಅನುಕೂಲವಾಗಿದ್ದೆನೆ ಎಂದರೆ ಅದೂ ಇಲ್ಲ. ವೈರು ತೆಗೆದರೆ ನಾಲ್ಕು ನಿಮಿಷ ಉಸಿರು ಹಿಡಿಯುತ್ತಿದ್ದೆ, ಐದನೆಯ ನಿಮಿಷಕ್ಕೆ ಕಣ್ಣು ಮುಚ್ಚುತ್ತಿದ್ದೆ. ಪರೀಕ್ಷೆಯ ಅರ್ಜಿ ತುಂಬುವಾಗ ಕೊನೆಯ ಪುಟದಲ್ಲಿ ದುಂಡಗೆ ಸುತ್ತುತ್ತ ಕೂರುತ್ತಿದ್ದೆ. ಅಷ್ಟರಲ್ಲಿ ಅವಳ ಫೋನಿಗೆ ಬಂದ ಒಟಿಪಿಯ ಗಡುವು ಮುಗಿದಿರುತ್ತಿತ್ತು. ಅವಳು ಬೈಯುತ್ತಿರಲಿಲ್ಲ. ಮುಚ್ಚಳದ ಮೇಲೆ ಮೆಲ್ಲಗೆ ತಟ್ಟಿ, ಏಳಪಾ ಮುದುಕಪ್ಪ ಎನ್ನುತ್ತಿದ್ದಳು.

ಎಲ್ಲಕ್ಕಿಂತ ನಾಚಿಕೆಯ ಸಂಗತಿ ಬೇರೆಯದು. ಅವಳು ಬರೆದ ಪ್ರತಿ ಕನ್ನಡ ಪದದ ಕೆಳಗೂ ನಾನು ಕೆಂಪು ಗೆರೆ ಎಳೆಯುತ್ತಿದ್ದೆ. ನನಗೆ ಕನ್ನಡ ಬರುತ್ತಿರಲಿಲ್ಲ, ಆದ್ದರಿಂದ ಕನ್ನಡವೇ ತಪ್ಪು ಎಂದು ನನ್ನ ತೀರ್ಮಾನ. ಪುಟದ ತುಂಬ ಕೆಂಪು. ಅವಳು ನಕ್ಕು ಮುಂದೆ ಬರೆಯುತ್ತಿದ್ದಳು.

ಎಂ.ಎ. ಕೊನೆಯ ವರ್ಷ ಅವಳೊಂದು ಕಿರುಪ್ರಬಂಧ ಬರೆಯಬೇಕಿತ್ತು. ಹೆಸರು 'ಗರಗದ ಕೌದಿ ಪದಗಳು'. ಹಳೆಯ ಸೀರೆ, ಧೋತರದ ತುಂಡುಗಳನ್ನು ಒಂದರ ಮೇಲೊಂದಿಟ್ಟು ಹೊಲಿಯುವ ಹೊದಿಕೆಗೆ ಅಲ್ಲಿ ಕೌದಿ ಎನ್ನುತ್ತಾರೆ. ಅವಳ ಅಜ್ಜಿ ಇಮಾಂಬಿ ಅದರಲ್ಲಿ ಎತ್ತಿದ ಕೈ. ಎಂಬತ್ತು ದಾಟಿದ ಆ ಅಜ್ಜಿ ಹೊಲಿಯುತ್ತ ಹೇಳಿದ ಹಾಡು, ಆಡಿದ ಮಾತು, ಒಂದೊಂದು ಹೊಲಿಗೆಗೂ ಇದ್ದ ಹೆಸರು, ಎಲ್ಲವನ್ನೂ ಶಮೀಮಾ ಎರಡು ವರ್ಷ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಅಜ್ಜಿಯ ಒಂದು ಪದ್ಧತಿ ನನಗೆ ಬಹಳ ಹಿಡಿಸಿತ್ತು. ಕೌದಿಯ ಕೊನೆಯ ಮೂಲೆ ಮುಚ್ಚುವ ಮೊದಲು ಆಕೆ ಒಳಗೊಂದು ಚೂರು ರೊಟ್ಟಿ ಇಟ್ಟು ಹೊಲಿಯುತ್ತಿದ್ದಳು. ಅದಕ್ಕೆ ಉಡಿ ತುಂಬುವುದು ಎಂದು ಹೆಸರು. ಹೊದ್ದವರನ್ನು ಬೆಚ್ಚಗಿಡುವ ವಸ್ತು ತಾನು ಹಸಿದಿರಬಾರದು ಎಂದು ಆಕೆಯ ಲೆಕ್ಕ.

ಪ್ರಬಂಧ ಶನಿವಾರ ಸಂಜೆ ಐದರೊಳಗೆ ವಿಭಾಗಕ್ಕೆ ತಲುಪಬೇಕು. ತಲುಪದಿದ್ದರೆ ಒಂದು ವರ್ಷ ಹೋದಂತೆಯೇ. ಹಿಂದಿನ ಭಾನುವಾರ ಶಮೀಮಾ ಅರಳೆಯ ರಾಶಿಯ ಪಕ್ಕ ಕೂತು ಮೂರನೆಯ ಅಧ್ಯಾಯ ಟೈಪು ಮಾಡಿದಳು, ಹದಿನಾಲ್ಕು ಪುಟ. ಕಣ್ಣು ನೋಟುಬುಕ್ಕಿನ ಮೇಲೆ, ಬೆರಳು ನನ್ನ ಮೇಲೆ. ಕರೆಂಟಿನ ಆಟ ನಡೆದಿದ್ದರಿಂದ ನಾನು ನನ್ನ ಬೆಳಕನ್ನು ಕುಗ್ಗಿಸಿಕೊಂಡಿದ್ದೆ. ಅವಳಿಗೆ ನನ್ನ ಮುಖ ಸರಿಯಾಗಿ ಕಾಣಲಿಲ್ಲ.

ಅಂದೇ ನನ್ನ ಎಫ್ ಕೀ ಕೈಕೊಟ್ಟಿತು.

ಇಂಗ್ಲಿಷ್ ಬರೆಯುವವರಿಗೆ ಎಫ್ ಹೋದರೆ ಒಂದು ಅಕ್ಷರ ಹೋಯಿತು, ಅಷ್ಟೆ. ಶಮೀಮಾ ಬಳಸುತ್ತಿದ್ದ ಕನ್ನಡ ಕೀಲಿಮಣೆಯಲ್ಲಿ ಒತ್ತಕ್ಷರ ಬರಬೇಕಾದರೆ ಎಫ್ ಒತ್ತಲೇಬೇಕು. ಅ, ಕ, ಎಫ್, ಕ ಎಂದು ಒತ್ತಿದರೆ ಅಕ್ಕ. ಎಫ್ ಇಲ್ಲದಿದ್ದರೆ ಅಕಕ. ಹೀಗೆ ಹದಿನಾಲ್ಕು ಪುಟದಲ್ಲಿ ಅಜ್ಜಿ ಅಜಜಿಯಾದಳು, ರೊಟ್ಟಿ ರೊಟಟಿಯಾಯಿತು, ಹೊಲಿಯುವ ದಬ್ಬಣ ದಬಬಣವಾಯಿತು. ನಾನು ಎಂದಿನಂತೆ ಎಲ್ಲದರ ಕೆಳಗೂ ಕೆಂಪು ಗೆರೆ ಎಳೆದೆ. ಆದರೆ ಸರಿಯಿದ್ದಾಗಲೂ ಗೆರೆ ಎಳೆದವನ ಮಾತನ್ನು ತಪ್ಪಾದ ದಿನ ಯಾರು ಕೇಳುತ್ತಾರೆ?

ಸೋಮವಾರ ಅವಳು ಬಸ್ಸಿಳಿದವಳೇ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ತೆಗೆಸಿದಳು. ಮೇಲಿನ ಹಾಳೆ ನೋಡಿದಳು. 'ಗರಗದ ಕೌದಿ ಪದಗಳು, ಶಮೀಮಾ ನದಾಫ, ಗರಗ.' ವಿಧಿಯಾಟ ನೋಡಿ, ಅವಳ ಹೆಸರಲ್ಲಿ ಒತ್ತಕ್ಷರವಿಲ್ಲ, ಅವಳ ಊರಿಗಿಲ್ಲ, ಅವಳ ಪ್ರಬಂಧಕ್ಕೂ ಇಲ್ಲ. ಎಲ್ಲ ಸರಿಯಾಗಿದೆ ಎಂದುಕೊಂಡು ಮಾರ್ಗದರ್ಶಕರಾದ ಡಾಕ್ಟರ್ ಚನ್ನಕ್ಕ ಪಾವಟೆಯವರ ಮೇಜಿನ ಮೇಲಿಟ್ಟು ಕ್ಲಾಸಿಗೆ ಓಡಿದಳು.

ಗುರುವಾರ ಮೇಡಂ ಕರೆಸಿದರು. ನಾನು ಅವಳ ಚೀಲದಲ್ಲಿದ್ದೆ, ಕೇಳಿಸಿಕೊಂಡೆ.

"ಏನವಾ ಶಮೀಮಾ, ನಾ ಯಾವಾಗಿಂದ ಚನನಕಕ ಆದೆ?"

ಅಧ್ಯಾಯದ ಮೊದಲ ಸಾಲಿನಲ್ಲೇ ಅವರ ಹೆಸರಿತ್ತು. ಮೇಡಂ ಕಾಗದ ಮುಂದೆ ತಳ್ಳಿದರು. ಮೊದಲ ಆರು ಪುಟದಲ್ಲಿ ಪ್ರತಿ ಅಕ್ಷರದ ಕೆಳಗೆ ಇರಬೇಕಾದ ಒತ್ತನ್ನು ಕೆಂಪು ಪೆನ್ನಿನಿಂದ ತಾವೇ ಬರೆದಿದ್ದರು. ಏಳನೆಯ ಪುಟದ ತುದಿಗೆ 'ಉಳಿದವು ನಿನ್ನವು' ಎಂದಿತ್ತು. ಬರವಣಿಗೆ ಚೆನ್ನಾಗಿದೆ, ಆದರೆ ಶನಿವಾರ ಐದಾದ ಮೇಲೆ ತಮ್ಮ ಕೈಯಲ್ಲಿ ಏನೂ ಇಲ್ಲ ಎಂದು ಹೇಳಿ ಕಳಿಸಿದರು. ಅವರೂ ಕೆಂಪು ಗೆರೆ ಎಳೆದಿದ್ದರು, ನಾನೂ ಎಳೆದಿದ್ದೆ. ಅವರದು ಓದಿ ಎಳೆದದ್ದು. ನನಗೆ ಆ ದಿನ ನನ್ನ ಬಗ್ಗೆಯೇ ಅಸಹ್ಯವಾಯಿತು.

ಅಲ್ಲಿಂದ ಶುರುವಾಯಿತು ಅವಳ ಪರದಾಟ. ಗೆಳತಿಯರ ಲ್ಯಾಪ್‌ಟಾಪುಗಳೆಲ್ಲ ಅವರವರ ಪ್ರಬಂಧದಲ್ಲಿ ಮುಳುಗಿದ್ದವು. ಸೈಬರ್ ಅಂಗಡಿಯ ಕಂಪ್ಯೂಟರಿನಲ್ಲಿ ಕನ್ನಡವೇ ಇರಲಿಲ್ಲ. ಯಾರೋ ಉಪಾಯ ಹೇಳಿಕೊಟ್ಟರು: ಒತ್ತಿನ ಗುರುತೊಂದನ್ನು ಕಾಪಿ ಮಾಡಿಟ್ಟುಕೊಂಡು ಬೇಕಾದಲ್ಲೆಲ್ಲ ಪೇಸ್ಟ್ ಮಾಡುತ್ತ ಹೋಗು. ಶುಕ್ರವಾರ ಬೆಳಿಗ್ಗೆ ಲೈಬ್ರರಿಯ ಮೂಲೆಯಲ್ಲಿ ಕೂತು ಹಾಗೆಯೇ ಎರಡು ಪುಟ ತಿದ್ದಿದಳು. ಆಗ ನಾನು ಮಾಡಿದ ಕೆಲಸ ಹೇಳಲೇಬೇಕು. ಅಪ್‌ಡೇಟ್ ಬಂದಿದೆ ಎಂದು ನಡುವೆ ಬಾಯಿ ಹಾಕಿ, ಅವಳು ಬೇಡ ಎನ್ನುವ ಮೊದಲೇ ಮಲಗಿ ಎದ್ದೆ. ಏಳುವಷ್ಟರಲ್ಲಿ ಎರಡು ಪುಟದ ತಿದ್ದುಪಡಿಯೂ ಇಲ್ಲ, ಕಾಪಿ ಮಾಡಿಟ್ಟ ಒತ್ತೂ ಇಲ್ಲ. ಅವಳು ಆ ದಿನವೂ ಬೈಯಲಿಲ್ಲ. ನನ್ನ ಮುಚ್ಚಳ ಮುಚ್ಚಿ ಅದರ ಮೇಲೆ ಹಣೆಯಿಟ್ಟಳು. ಮುಚ್ಚಳ ಒದ್ದೆಯಾಯಿತು. ಅಂದು ಒಂದು ಬೈಗುಳ ಸಿಕ್ಕಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅಂದೇ ಮಧ್ಯಾಹ್ನ ರಿಪೇರಿ ಅಂಗಡಿಗೆ ಒಯ್ದರೆ, ಅಲ್ಲಿಯವನು ಎಫ್ ಕೀ ಕೀಳಲು ಹೋಗಿ ಅದರ ಕೊಕ್ಕೆಯನ್ನೇ ಮುರಿದ. ಹೊಸದು ಬರಲು ಹತ್ತು ದಿನ ಬೇಕು ಎಂದ. ಮುರಿದ ತುಂಡನ್ನು ಕಾಗದದಲ್ಲಿ ಕಟ್ಟಿಕೊಂಡು ಶಮೀಮಾ ಸಂಜೆಯ ಬಸ್ಸಿಗೆ ಗರಗಕ್ಕೆ ಬಂದಳು. ಇಮಾಂಬಿ ಅಜ್ಜಿ ಹೊಸ್ತಿಲಲ್ಲಿ ಕೂತು ಕೌದಿಯ ಕೊನೆಯ ಮೂಲೆ ಹೊಲಿಯುತ್ತಿದ್ದಳು. ಮೊಮ್ಮಗಳ ಮುಖ ನೋಡಿ, ಏನಾತು, ಇಲ್ಲಿ ತಾ ಎಂದಳು. ನನ್ನನ್ನು ತೊಡೆಯ ಮೇಲೆ ಕೌದಿಯ ಜೊತೆಗೇ ಇಟ್ಟುಕೊಂಡಳು. ಆ ಬೆರಳುಗಳು ನನ್ನ ಕೀಗಳ ಮೇಲೆ ಒಂದು ಸಲ ಹರಿದಾಡಿ, ಎಫ್ ಇದ್ದ ಜಾಗದ ಪುಟ್ಟ ರಬ್ಬರಿನ ಮೇಲೆ ನಿಂತವು. ಅರವತ್ತು ವರ್ಷ ಬಟ್ಟೆಯ ಗಂಟು ಹುಡುಕಿದ ಬೆರಳು.

"ಇದರ ಬುಡದಾಗ ಏನೋ ಐತಿ."

ಆಕೆ ದಬ್ಬಣದ ತುದಿಯಿಂದ ರಬ್ಬರಿನ ಅಂಚು ಎತ್ತಿದಳು. ಒಂದು ನೂಲಿನಷ್ಟು ಅತ್ತಿತ್ತ ಆದರೂ ನನ್ನ ಕಥೆ ಮುಗಿದಂತೆ. ದಬ್ಬಣದ ಮೊನೆಗೆ ಹತ್ತಿ ಹೊರಗೆ ಬಂದದ್ದು ಒಂದು ಚೂರು ಚುರುಮುರಿ. ಅರಿಸಿನದ ಬಣ್ಣ ಇನ್ನೂ ಇತ್ತು. ಬಾಕಳೆಯವರ ಯಾವ ಸಂಜೆಯದೋ ಏನೋ.

ಶಮೀಮಾ ಅಳುತ್ತಲೇ ನಕ್ಕಳು. ಅಜ್ಜಿ ನಗಲಿಲ್ಲ. ಚೂರನ್ನು ಅಂಗೈಯಲ್ಲಿಟ್ಟು ದೀಪದ ಬೆಳಕಿಗೆ ಹಿಡಿದಳು.

"ನಗಬ್ಯಾಡವಾ. ಯಾರೋ ಪುಣ್ಯಾತ್ಮ ಇದಕ್ಕೂ ಉಡಿ ತುಂಬ್ಯಾನ. ಅದಕ್ಕ ಇಷ್ಟು ದಿನ ದುಡದೈತಿ."

ಬಾಕಳೆಯವರ ಮೇಲೆ ನನಗೆ ಎಷ್ಟೋ ದಿನದಿಂದ ಸಿಟ್ಟಿತ್ತು. ಆ ಗಳಿಗೆಯಲ್ಲಿ ಅದು ಕರಗಿ ಹೋಯಿತು. ಅಜ್ಜಿ ಆ ಚೂರನ್ನು ಬಿಸಾಡಲಿಲ್ಲ. ತಾನು ಹೊಲಿಯುತ್ತಿದ್ದ ಕೌದಿಯ ಮೂಲೆಯೊಳಗೆ, ರೊಟ್ಟಿಯ ಚೂರಿನ ಜೊತೆಗೆ ಇಟ್ಟಳು. ಆಮೇಲೆ ಗುಂಡಿಯ ಡಬ್ಬಿ ತರಿಸಿ, ಮೌಲಾಸಾಬರ ಹಳೆಯ ಅಂಗಿಯ ಬಿಳಿ ಗುಂಡಿಯೊಂದನ್ನು ಆರಿಸಿ, ಗೋಂದು ಹಚ್ಚಿ ಆ ರಬ್ಬರಿನ ಮೇಲೆ ಕೂರಿಸಿದಳು. ಅರ್ಧ ತಾಸು ಯಾರೂ ಮುಟ್ಟಬಾರದು ಎಂದು ಅಪ್ಪಣೆಯಾಯಿತು.

ಅರ್ಧ ತಾಸಾದ ಮೇಲೆ ಶಮೀಮಾ ಒತ್ತಿದಳು. ಅ, ಜ, ಗುಂಡಿ, ಜ, ಇ.

ಅಜ್ಜಿ.

ಶನಿವಾರ ಟ್ಯೂಷನ್ ಮಕ್ಕಳಿಗೆ ರಜೆ. ಸೂರ್ಯ ಹುಟ್ಟಿದಾಗಿನಿಂದ ಅವಳು ತಿದ್ದಿದಳು. ಆರು ಪುಟ ಮೇಡಂ ಹಾಕಿದ ಒತ್ತು ನೋಡಿ, ಎಂಟು ಪುಟ ತಾನೇ ಹುಡುಕಿ. ನಾನು ಒಂದು ಸಲವೂ ಅಪ್‌ಡೇಟ್ ಎನ್ನಲಿಲ್ಲ, ಸುತ್ತುತ್ತ ಕೂರಲಿಲ್ಲ. ಎರಡು ಗಂಟೆಯ ಬಸ್ಸು ಹಿಡಿಯಬೇಕು, ಪೆನ್‌ಡ್ರೈವಿಗೆ ಹಾಕಿಕೊಳ್ಳುವುದು ಮಾತ್ರ ಬಾಕಿ, ಅಷ್ಟರಲ್ಲಿ ಕರೆಂಟು ಹೋಯಿತು. ನಾಲ್ಕು ನಿಮಿಷದ ಆಯುಷ್ಯ ನನ್ನದು, ಅವಳಿಗೂ ಗೊತ್ತು, ನನಗೂ ಗೊತ್ತು. ಆದರೂ ಅವಳು ಪೆನ್‌ಡ್ರೈವು ಚುಚ್ಚುವ ಮೊದಲು ಕೊನೆಯ ಪುಟ ತೆರೆದಳು. ಅದು ಎಲ್ಲರಿಗೂ ವಂದನೆ ಹೇಳುವ ಪುಟ. ಕನ್ನಡದಲ್ಲಿ ಪುಸ್ತಕ ಬರೆದವರು ಗುರುಗಳಿಗೆ, ಮನೆಯವರಿಗೆ ವಂದನೆ ಹೇಳಿ, ಕಟ್ಟಕಡೆಗೆ ಅಕ್ಷರ ಜೋಡಿಸಿದವರ ಹೆಸರು ಹಾಕುವ ವಾಡಿಕೆ. ಅವಳೂ ಹಾಕಿದ್ದಳು: 'ಅಕ್ಷರ ಜೋಡಣೆ: ಶಮೀಮಾ ನದಾಫ.' ಅದರ ಕೆಳಗೆ ಈಗ ಇನ್ನೊಂದು ಸಾಲು ಬರೆದಳು.

'ಒತ್ತಕ್ಷರ ಜೋಡಣೆ: ಇಮಾಂಬಿ ನದಾಫ.'

ಒಂಬತ್ತು ನಿಮಿಷ ನಾನು ಕಣ್ಣು ಮುಚ್ಚಲಿಲ್ಲ. ಪೆನ್‌ಡ್ರೈವು ಕಿತ್ತ ಮೇಲೆಯೇ ಕತ್ತಲಾದದ್ದು. ನಾಲ್ಕೂವರೆಗೆ ಪ್ರಬಂಧ ವಿಭಾಗ ತಲುಪಿತು. ಕೊನೆಯ ಪುಟ ಓದಿ ಚನ್ನಕ್ಕ ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರಂತೆ. ರಾತ್ರಿ ಊಟಕ್ಕೆ ಕೂತಾಗ ಶಮೀಮಾ ತನ್ನ ಪ್ರತಿ ತೆರೆದು ಆ ಸಾಲನ್ನು ಅಜ್ಜಿಗೆ ಓದಿ ಹೇಳಿದಳು. ತನ್ನ ಹೆಸರು ಯಾವುದು ಎಂದು ಅಜ್ಜಿ ಕೇಳಿದಳು. ಶಮೀಮಾ ತೋರಿಸಿದಳು. ಅಜ್ಜಿ ಅದರ ಮೇಲೆ ಬೆರಳಾಡಿಸಿ, ಗಂಟು ಎಲ್ಲೂ ಇಲ್ಲ ಎಂದಳು.

ಇದೆಲ್ಲ ಆಗಿ ಬಹಳ ದಿನಗಳಾದವು. ಶಮೀಮಾ ಈಗ ಒಂದು ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಹೇಳಿಕೊಡುತ್ತಾಳೆ. ಅವಳ ಹೊಸ ಲ್ಯಾಪ್‌ಟಾಪಿಗೆ ಕನ್ನಡ ಬರುತ್ತದಂತೆ, ನಿಜವಾಗಿ ತಪ್ಪಾದಲ್ಲಿ ಮಾತ್ರ ಗೆರೆ ಎಳೆಯುತ್ತದಂತೆ. ಒಳ್ಳೆಯದಾಗಲಿ. ನಾನು ಈಗ ಏನು ಮಾಡಿದರೂ ಏಳುವುದಿಲ್ಲ. ಒಂದು ದಿನ ಹಳೆ ಸಾಮಾನು ಕೊಳ್ಳುವವನು ಬಾಗಿಲಿಗೆ ಬಂದು ನನ್ನ ಮೇಲೆ ಕೈಯಿಟ್ಟಾಗ, ಇಮಾಂಬಿ ಅಜ್ಜಿ ಇದ್ದ ಜಾಗದಿಂದಲೇ ಅವನಿಗೆ ನಾಲ್ಕು ಮಾತು ಅಂದು ಕಳಿಸಿದಳು.

ಆಮೇಲೆ ನನ್ನ ಅಳತೆಗೆ ಒಂದು ಕೌದಿಯ ಚೀಲ ಹೊಲಿದಳು. ಶಮೀಮಾಳ ಕಾಲೇಜಿನ ಹಳೆಯ ದುಪಟ್ಟಾ, ಮೌಲಾಸಾಬರ ಅಂಗಿ, ತನ್ನದೇ ಒಂದು ಸೀರೆ. ನನ್ನನ್ನು ಅದರಲ್ಲಿ ಮಲಗಿಸಿ ಬಾಯಿ ಹೊಲಿಯುತ್ತ ಬಂದವಳು ಕೊನೆಯ ಮೂಲೆಯಲ್ಲಿ ತಡೆದು, ಬುಟ್ಟಿಯಿಂದ ರೊಟ್ಟಿ ತರಿಸಿದಳು. ಒಂದು ಚೂರು ಮುರಿದು ನನ್ನ ಪಕ್ಕದಲ್ಲಿಟ್ಟಳು.

ಅಟ್ಟದ ಮೇಲೆ, ಅರಳೆಯ ಚೀಲಗಳ ನಡುವೆ ಇದ್ದೇನೆ. ಕತ್ತಲಿದೆ, ಬೆಚ್ಚಗಿದೆ. ನಾನು ಹಸಿದಿಲ್ಲ.