ನೂಲಿನ ಟೈರು

ಕಟಿಂಗ್ ಮಷೀನಿನ ಬ್ಲೇಡು ತಾಗಿದ್ದೇ ತಡ, ಟೈರಿನಿಂದ ಕಪ್ಪು ಹೊಗೆ ಎದ್ದು ನಾಗೇಂದ್ರನ ಕಣ್ಣು ಮೂಗಿಗೆಲ್ಲ ತುಂಬಿತು. ಒಳಗಿದ್ದ ಉಕ್ಕಿನ ತಂತಿಗಳು ಮುಳ್ಳಿನಂತೆ ಹೊರಬಂದವು. ಹೆಬ್ಬಾಳದ ಕಾರ್ಖಾನೆಯಲ್ಲಿ ನಲವತ್ತು ಜನರ ಮೇಲ್ವಿಚಾರಕನಾದವನಿಗೆ ಒಂದು ಹಳೆ ಟೈರು ಬಗ್ಗಲಿಲ್ಲ.

ಹಿತ್ತಲಲ್ಲೊಂದು ಆಟದ ಅಂಕಣ ಆಗಲೇಬೇಕೆಂದು ಹಟ ಹಿಡಿದವಳು ಹೆಂಡತಿ ಕೀರ್ತಿ. ಬಲೆಯ ಮೇಲಿಂದ ರಬ್ಬರ್ ರಿಂಗು ಎಸೆದಾಡುವ ಟೆನಿಕಾಯ್ಟ್ ಆಟದಲ್ಲಿ ಕಾಲೇಜಿನ ದಿನಗಳಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ನಲವತ್ತೆರಡಕ್ಕೆ ಮತ್ತೆ ಆಡುವ ಮನಸ್ಸಾಗಿ, ಬರುವ ತಿಂಗಳ ಹಿರಿಯರ ಪಂದ್ಯಕ್ಕೆ ಹೆಸರು ಕೊಟ್ಟಿದ್ದಳು. ಬಡಾವಣೆಯ ಪಾರ್ಕಿನಲ್ಲಿ ಎರಡು ದಿನ ಆಡಿದಳು. ಮೂರನೆಯ ದಿನ ನಿವಾಸಿಗಳ ಸಂಘದ ಕಾರ್ಯದರ್ಶಿ ಸದಾಶಿವಯ್ಯನವರು, ಪಾರ್ಕಿರುವುದು ವಾಕಿಂಗಿಗೆ ಮಾತ್ರ ಎಂದು ಬಲೆ ಬಿಚ್ಚಿಸಿದರು. ಅದೇ ಸಂಜೆ ಅವರ ಸೊಸೆಯಂದಿರು ಅಲ್ಲೇ ಶಟಲ್ ಆಡುತ್ತಿದ್ದರು. ಇವರ ಗೃಹಪ್ರವೇಶದಲ್ಲಿ ಗೋಡೆಯ ಮೇಲಿನ ಬುದ್ಧನ ಫೋಟೋ ನೋಡಿ, ಏನೋ ಕೆಲಸವಿದೆಯೆಂದು ಊಟ ಮಾಡದೆ ಎದ್ದು ಹೋದವರೂ ಈ ಸದಾಶಿವಯ್ಯನವರೇ. ಕೀರ್ತಿ ಎರಡನ್ನೂ ಮರೆತಿರಲಿಲ್ಲ.

ಸಿಮೆಂಟಿನ ಮೇಲೆ ಕುಣಿಯಕೂಡದೆಂದು ಮೊಣಕಾಲಿನ ಡಾಕ್ಟರು ಹೇಳಿದ್ದರು. ಹಾಗಾಗಿ ತಾನು ನಿಲ್ಲುವ ಅರ್ಧಕ್ಕೆ ಟೈರಿನ ಪಟ್ಟಿ, ಇನ್ನರ್ಧಕ್ಕೆ ಮಣ್ಣು ಎಂದು ತೀರ್ಮಾನಿಸಿದಳು. ಎದುರಾಳಿಯ ಮೊಣಕಾಲನ್ನು ಎದುರಾಳಿಯೇ ನೋಡಿಕೊಳ್ಳಲಿ. ರಿಂಗ್ ರಸ್ತೆಯ ಪಂಕ್ಚರ್ ಅಂಗಡಿಯವರು ಹಳೆ ಟೈರುಗಳನ್ನು ಪುಕ್ಕಟೆ ಕೊಟ್ಟರು. ಅವು ಬಂದು ಎರಡು ದಿನವೂ ಆಗಿರಲಿಲ್ಲ, ಪಾಲಿಕೆಯ ಆರೋಗ್ಯ ನಿರೀಕ್ಷಕರು ಗೇಟು ತಟ್ಟಿದರು. ಟೈರಿನಲ್ಲಿ ನೀರು ನಿಂತು ಡೆಂಗಿ ಸೊಳ್ಳೆ ಹುಟ್ಟುತ್ತದೆಂದು ಸದಾಶಿವಯ್ಯನವರು ದೂರು ಬರೆದಿದ್ದರು. ಸೋಮವಾರ ಮತ್ತೆ ಬರುತ್ತೇನೆ, ಆಗಲೂ ಟೈರಿದ್ದರೆ ಲಾರಿಗೆ ತುಂಬಿಸಿಕೊಂಡು ಹೋಗುತ್ತೇನೆ ಎಂದರು ನಿರೀಕ್ಷಕರು. ಅವತ್ತು ಬುಧವಾರ.

ಅವಸರದಲ್ಲಿ ಟೈರು ಕೊಯ್ಯಲು ಹೋಗಿ ಹೊಗೆ ಎದ್ದ ಆ ಸಂಜೆಯೇ ಕೀರ್ತಿ ಗಂಡನನ್ನು ಕೇಳದೆ ರಾಜೀವನಗರಕ್ಕೆ ಫೋನು ಮಾಡಿದಳು. ಮಾವ ಸಣ್ಣಮಾದಯ್ಯ ಅಲ್ಲಿ ಮಗಳ ಮನೆಯಲ್ಲಿದ್ದರು. ತಾವು ಮನೆ ಕಟ್ಟಿಸಿದ್ದ ದಟ್ಟಗಳ್ಳಿಯಲ್ಲಿ ಯಾರಾದರೂ ಕೇಳಿದರೆ, ಅಪ್ಪ ಬಿಸಿನೆಸ್ ಮಾಡುತ್ತಿದ್ದರು ಎನ್ನುತ್ತಿದ್ದ ನಾಗೇಂದ್ರ. ಅದೇನೂ ಸುಳ್ಳಲ್ಲ. ರಸ್ತೆ ಬದಿಯಲ್ಲಿ ಛತ್ರಿ ಬಿಡಿಸಿಕೊಂಡು ನಲವತ್ತು ವರ್ಷ ಚಪ್ಪಲಿ ಹೊಲಿಯುವುದೂ ಬಿಸಿನೆಸ್ಸೇ.

ಮರುದಿನ ಮೊದಲ ಬಸ್ಸಿಗೇ ಬಂದ ಸಣ್ಣಮಾದಯ್ಯನವರ ಕೈಯಲ್ಲೊಂದು ರೆಕ್ಸಿನ್ ಚೀಲವಿತ್ತು. ಟೈರಿನ ಒಳಮೈಗೆ ಉಗುರು ಹಾಕಿ ನೋಡಿದರು.

"ತಂತಿ ಟೈರು ತಂದ್ಬುಟ್ಟಿದ್ದೀಯಲ್ಲಪ್ಪ. ಇದು ಯಾವ ಕತ್ತಿಗೂ ಬಗ್ಗಲ್ಲ. ನೂಲಿನ ಟೈರು ಬೇಕು, ಹಳೇ ಲಾರೀದು. ಮರ್ತೋಯ್ತಾ?"

ನಾಗೇಂದ್ರ ಮರೆತಿರಲಿಲ್ಲ. ಚಿಕ್ಕಂದಿನಲ್ಲಿ ಅಪ್ಪ ಟೈರು ಕೊಯ್ಯುವಾಗ ಇನ್ನೊಂದು ತುದಿ ಹಿಡಿದು ಕೂರುತ್ತಿದ್ದವನು ಅವನೇ. ಮರೆಯಲು ಬಹಳ ಕಷ್ಟಪಟ್ಟಿದ್ದ, ಅಷ್ಟೇ.

ಮಧ್ಯಾಹ್ನದ ಹೊತ್ತಿಗೆ ಟೈರುಗಳನ್ನೆಲ್ಲ ಬದಲಾಯಿಸಿಕೊಂಡು ಬಂದ. ಅಪ್ಪ ಚೀಲದಿಂದ ಚರ್ಮ ಕೊಯ್ಯುವ ಅಗಲ ಬಾಯಿಯ ರಂಪಿಗೆ ತೆಗೆದು, ಸೋಪಿನ ನೀರಿಗೆ ಅದ್ದಿ, ಗೇಟಿನ ಪಕ್ಕದಲ್ಲೇ ಕಾಲು ಚಾಚಿ ಕೂತರು. ರಸ್ತೆಯಲ್ಲಿ ಹೋಗಿಬರುವವರಿಗೆಲ್ಲ ಕಾಣುವಂಥ ಜಾಗ. ಹಿತ್ತಲಲ್ಲಿ ಕೂರಬಹುದಿತ್ತಲ್ಲ ಎಂದು ಮಗ ಮೆಲ್ಲಗೆ ಹೇಳಿದ.

"ಹಿಂದ್ಗಡೆ ಬೆಳ್ಕಿಲ್ಲ ಕಣಪ್ಪ," ಅಂದರು.

ಹಿಂದುಗಡೆ ಬೇಕಾದಷ್ಟು ಬೆಳಕಿತ್ತು.

ಒದ್ದೆ ರಂಪಿಗೆಗೆ ರಬ್ಬರು ಸದ್ದಿಲ್ಲದೆ ಸೀಳಿತು. ಎರಡೂ ಪಕ್ಕದ ಗೋಡೆ ಕೊಯ್ದು ಎಸೆದರೆ ಉಳಿಯುವುದು ಉದ್ದನೆಯ ಪಟ್ಟಿ. ಕೀರ್ತಿ ಅವನ್ನು ಹೊತ್ತುಕೊಂಡು ಹೋಗಿ ಹಿತ್ತಲಲ್ಲಿ ಹರಡಿಸಿದ್ದ ಮರಳಿನ ಮೇಲೆ ಸಾಲಾಗಿ ಹಾಸಿ, ಮಾವ ತೋರಿಸಿಕೊಟ್ಟಂತೆ ನೈಲಾನ್ ಹುರಿಯಿಂದ ಅಂಚು ಹೊಲಿದಳು.

ಶನಿವಾರ ಬೆಳಗ್ಗೆ ವಾಕಿಂಗ್ ಮುಗಿಸಿ ಬರುತ್ತಿದ್ದ ಸದಾಶಿವಯ್ಯನವರು ಗೇಟಿನ ಮುಂದೆ ನಿಂತರು. ಕೂತಿದ್ದವರನ್ನೂ ಅವರ ಕೈಯಲ್ಲಿದ್ದ ರಂಪಿಗೆಯನ್ನೂ ನೋಡಿ, ಪಕ್ಕದಲ್ಲಿ ನಿಂತಿದ್ದ ನಾಗೇಂದ್ರನ ಕಡೆ ತಿರುಗಿದರು.

"ಪರವಾಗಿಲ್ಲ ನಾಗೇಂದ್ರ, ಕೆಲ್ಸ ಗೊತ್ತಿರೋನನ್ನೇ ಹಿಡ್ಕೊಂಡು ಬಂದಿದ್ದೀರಿ. ಮುಗಿದ್ಮೇಲೆ ಇವನನ್ನ ನಮ್ಮನೆ ಕಡೆ ಕಳ್ಸಿ. ಎರಡು ಜೊತೆ ಚಪ್ಪಲಿ ಕಿತ್ತೋಗಿದೆ."

ರಂಪಿಗೆ ನಿಂತಿತು. ಅಪ್ಪ ತಲೆ ಎತ್ತಲಿಲ್ಲ. ಬಾಗಿಲಲ್ಲಿದ್ದ ಕೀರ್ತಿ ಗಂಡನ ಕಡೆ ನೋಡಿದಳು. ಈ ಬಡಾವಣೆಗೆ ಬಂದ ಎಂಟು ವರ್ಷದಿಂದ ನಾಗೇಂದ್ರ ಹೆದರಿಕೊಂಡಿದ್ದ ಗಳಿಗೆ ಇದೇ. ಬಂದಾಗ ನೋಡಿದರೆ ಅವನಿಗೆ ಹೆದರಿಕೆಯಾಗಲಿಲ್ಲ, ಸಿಟ್ಟು ಬಂತು. ಅದರಲ್ಲಿ ಅರ್ಧ ತನ್ನ ಮೇಲೆಯೇ.

"ಅವರು ನಮ್ಮಪ್ಪ," ಅಂದ. "ಯಾರ ಮನೆಗೂ ಬರಲ್ಲ."

ಚಪ್ಪಲಿ ಬಿಟ್ಟು ಅಪ್ಪನ ಎದುರಿಗೆ ನೆಲದಲ್ಲಿ ಕೂತು ಟೈರಿನ ತುದಿ ಹಿಡಿದ. ಸದಾಶಿವಯ್ಯನವರು ಅಲ್ಲೇ ನಿಂತಿದ್ದಾರೋ ಹೋದರೋ ತಿರುಗಿ ನೋಡಲಿಲ್ಲ.

"ಬಿಗ್ಯಾಗಿ ಇಡ್ಕೊ," ಅಂದರು ಅಪ್ಪ. "ಸಡ್ಲ ಬುಟ್ರೆ ಕೈ ಕುಯ್ದ್ಬುಡ್ತದೆ."

ಸೋಮವಾರ ನಿರೀಕ್ಷಕರು ಬಂದರು, ಹಿಂದೆಯೇ ಸದಾಶಿವಯ್ಯನವರೂ ಬಂದರು. ಹಿತ್ತಲಲ್ಲಿ ದುಂಡಗಿನ ಟೈರು ಒಂದೂ ಇರಲಿಲ್ಲ. ಬಲೆ ಕಟ್ಟಿತ್ತು, ಕಪ್ಪು ಹಾಸಿನ ಮೇಲೆ ಬಿಳಿ ಗೆರೆ ಎಳೆದಿತ್ತು. ಕೀರ್ತಿ ರಿಂಗು ಹಿಡಿದು ಅಂಚಿನಲ್ಲೇ ಅಡ್ಡ ನಿಂತಿದ್ದಳು.

"ಬೂಟು ಬಿಟ್ಟು ಬನ್ನಿ ಸಾರ್. ಇಬ್ರೂ."

ನಿರೀಕ್ಷಕರು ನಗುತ್ತಾ ಬಿಟ್ಟರು. ಪಟ್ಟಿಗಳ ಅಡಿಯಲ್ಲಿ ನೀರು ನಿಲ್ಲುತ್ತದೆಂದು ತೋರಿಸಿಯೇ ತೀರಬೇಕಿದ್ದ ಸದಾಶಿವಯ್ಯನವರು ಸ್ವಲ್ಪ ಹೊತ್ತು ನಿಂತು, ಆಮೇಲೆ ಬಗ್ಗಿ ಲೇಸು ಬಿಚ್ಚಿದರು. ಬರಿಗಾಲಲ್ಲಿ ಮೂಲೆ ಮೂಲೆ ತುಳಿದು, ಅಂಚು ಎತ್ತಿ ನೋಡಿದರು. ಎಲ್ಲ ಕಡೆಯೂ ಒಣ ಮರಳೇ.

ಗೋಡೆಗೊರಗಿ ಕೂತಿದ್ದ ಸಣ್ಣಮಾದಯ್ಯ ಪಕ್ಕದಲ್ಲಿದ್ದ ಸದಾಶಿವಯ್ಯನವರ ಎಡಗಾಲಿನ ಬೂಟನ್ನು ಎತ್ತಿ ಮಗುಚಿದರು. ಮುಂಭಾಗದಲ್ಲಿ ಅಟ್ಟೆ ಎರಡು ಬೆರಳಷ್ಟು ಬಾಯಿ ಬಿಟ್ಟಿತ್ತು. ನಾಲ್ಕು ಹೊಲಿಗೆಯ ಕೆಲಸ. ರೂಢಿಯಂತೆ ಕೈ ರೆಕ್ಸಿನ್ ಚೀಲದ ತನಕ ಹೋಯಿತು. ಅವರು ಕೈ ಹಿಂದಕ್ಕೆ ತಂದು, ಬೂಟನ್ನು ಎಲ್ಲಿತ್ತೋ ಅಲ್ಲೇ ಇಟ್ಟರು.