ಕಾಮಗೋಂಗ್ ಬೀದಿಯ ರಟ್ಟಿನ ಬಾಗಿಲುಗಳು

ಹದಿನಾರು ವರ್ಷದಿಂದ ನಮ್ಮ ಬಡಾವಣೆಯ ಯೋಸೇಫ ನಾನೇ. ಕಾರಣ ನನ್ನ ಗಡ್ಡ. ಉಳಿದ ದಿನಗಳಲ್ಲಿ ನಾನು ಮಾರಿಕೀನ ಪಟ್ಟಣದ ಬೀದಿಗಳಲ್ಲಿ ಟ್ರೈಸಿಕಲ್, ಅಂದರೆ ಪಕ್ಕಕ್ಕೆ ಗೂಡು ಜೋಡಿಸಿದ ಬಾಡಿಗೆ ಬೈಕು, ಓಡಿಸುವ ಎಲಿಸೆಯೊ. ಕ್ರಿಸ್‌ಮಸ್‌ನ ಹಿಂದಿನ ಸಂಜೆ ಮಾತ್ರ ಕಂದು ನಿಲುವಂಗಿ ತೊಟ್ಟು, ಕೋಲು ಹಿಡಿದು, ತುಂಬು ಬಸುರಿ ಮರಿಯಳನ್ನು ಕರೆದುಕೊಂಡು, ತಂಗಲು ಜಾಗ ಕೊಡಿ ಎಂದು ಹಾಡುತ್ತ ಬಾಗಿಲಿಂದ ಬಾಗಿಲಿಗೆ ಹೋಗುತ್ತೇನೆ. ಬಾಗಿಲು ತೆರೆದವರು ಜಾಗವಿಲ್ಲ, ಹೋಗಿ ಎಂದು ಹಾಡಬೇಕು. ನಾಲ್ಕು ಕಡೆ ಹೀಗೆ ಅಟ್ಟಿಸಿಕೊಂಡು ಕೊನೆಗೆ ಚರ್ಚು ಸೇರಿದರೆ ಅಲ್ಲಿ ಹಬ್ಬದ ಬಲಿಪೂಜೆ, ಅಂದರೆ ಮಾಸ್, ಶುರು. ಪಾನುನುಲುಯಾನ್ ಎನ್ನುವ ಈ ಆಟವನ್ನು ನಮ್ಮಜ್ಜನೂ ಆಡಿದ್ದ. ಅವನಿಗೂ ಗಡ್ಡವಿತ್ತು.

ಕಳೆದ ವರ್ಷ ಆಟದ ಸರದಿ ಕಾಮಗೋಂಗ್ ಬೀದಿ ಮತ್ತು ಯಾಕಾಲ್ ಬೀದಿ ಕೂಡುವ ಚೌಕಕ್ಕೆ ಬಂತು. ನಡೆಸುವವರು ಪೆರ್ಪೆತುವಾ ಟೀಚರ್. ನಿವೃತ್ತರಾಗಿ ಹತ್ತು ವರ್ಷವಾದರೂ ಅವರ ಎದುರು ನಾವೆಲ್ಲ ಇನ್ನೂ ಬೆಂಚಿನ ಮೇಲೆ ಕೂತವರೇ. ಚೌಕದ ನಾಲ್ಕು ಮೂಲೆಗಳಲ್ಲಿ ಈಗ ಒಂದು ಔಷಧಿ ಅಂಗಡಿ, ಒಂದು ಹಾಲು-ಚಹಾ ಅಂಗಡಿ, ಒಂದು ಎಟಿಎಂ, ಒಂದು ಲಾಂಡ್ರಿ ಇವೆ. ಟೀಚರ್ ನಾಲ್ಕೂ ಕಡೆ ಕೇಳಿ ಬಂದರು. ಔಷಧಿ ಅಂಗಡಿಯವನು ಹೆಡ್ಡಾಫೀಸಿಗೆ ಅರ್ಜಿ ಹಾಕಿ ಎಂದ. ಚಹಾ ಅಂಗಡಿಯವಳು ಆವತ್ತೇ ನಮಗೆ ದೊಡ್ಡ ವ್ಯಾಪಾರ ಎಂದಳು. ಎಟಿಎಂ ಏನನ್ನೂ ಹೇಳಲಿಲ್ಲ. ಲಾಂಡ್ರಿಯ ಜೋನಲಿನ್ ಒಬ್ಬಳೇ, "ನನ್ನ ಬಾಗಿಲ ಮುಂದೆ ಏನ್ ಬೇಕಾದ್ರೂ ಮಾಡ್ಕೊಳ್ಳಿ ಟೀಚರ್" ಎಂದದ್ದು. ಅವಳು ಸಮಾರ್ ದ್ವೀಪದಿಂದ ಬಂದು ವರ್ಷವಾಗಿತ್ತಷ್ಟೇ. ಗಿರಾಕಿಗಳನ್ನು ಬಿಟ್ಟರೆ ಇಲ್ಲಿ ಅವಳಿಗೆ ಯಾರ ಪರಿಚಯವೂ ಇರಲಿಲ್ಲ.

ಬಡಾವಣೆಯ ಸಭೆಯಲ್ಲಿ ಟೀಚರ್ ಮುಖ ಗಂಟಿಕ್ಕಿಕೊಂಡು ಇದನ್ನೆಲ್ಲ ಹೇಳುತ್ತಿದ್ದಾಗ ಹಿಂದಿನ ಸಾಲಿನಿಂದ ಮಾಂಗ್ ಆಂಬೊ ಎದ್ದು ನಿಂತರು. ವಯಸ್ಸು ಎಪ್ಪತ್ತೊಂಬತ್ತು. ಮೂವತ್ತೈದು ವರ್ಷ ಶೂ ಹೊಲಿದವರು.

"ಈ ಅಂಗಡಿಗಳನ್ನ ಯಾಕ್ ಕೇಳ್ತೀರಿ ಟೀಚರ್? ಆ ಚೌಕ ನಮ್ದು. ನಮ್ಮ ಅಂಗಡಿಗಳನ್ನ ಕೇಳಿ. ಅಂಗಡಿ ಹೋಗಿರ್ಬಹುದು, ನಾವಿನ್ನೂ ಹೋಗಿಲ್ವಲ್ಲ!"

ಎಲ್ಲರೂ ನಕ್ಕರು. ಟೀಚರ್ ಮಾತ್ರ ನಗದೆ ಪೆನ್ನು ತೆಗೆದರು. ಆಟ ನಿಶ್ಚಯವಾದದ್ದು ಹಾಗೆ.

ಫ್ರಿಜ್ಜು ಬಂದ ದೊಡ್ಡ ರಟ್ಟಿನ ಡಬ್ಬಗಳನ್ನು ನನ್ನ ಟ್ರೈಸಿಕಲ್‌ನಲ್ಲಿ ಹೇರಿಕೊಂಡು ಶನಿವಾರ ಮಧ್ಯಾಹ್ನ ಚೌಕಕ್ಕೆ ಹೋದೆ. ನಾಲ್ಕು ಬಾಗಿಲು ಕತ್ತರಿಸಿ, ಬಣ್ಣ ಬಳಿದು, ಹಳೇ ಅಂಗಡಿಗಳ ಹೆಸರು ಬರೆದು, ಅವು ಇದ್ದ ಜಾಗದಲ್ಲೇ ಪಾದಚಾರಿ ದಾರಿಯ ಮೇಲೆ ನಿಲ್ಲಿಸಬೇಕು. ಮೂರರ ಬಗ್ಗೆ ತಕರಾರಿರಲಿಲ್ಲ. ಔಷಧಿ ಅಂಗಡಿಯ ಜಾಗದಲ್ಲಿ ಮಾಂಗ್ ಆಂಬೊ ಅವರ ಶೂ ಅಂಗಡಿಯಿತ್ತು. ಚಹಾ ಅಂಗಡಿಯ ಜಾಗದಲ್ಲಿ ಮೇಡಂ ಡಾಡಿಂಗ್ ಪಾರ್ಲರ್. ಡಾಡಿಂಗ್‌ಗೆ ತಂದೆ ಇಟ್ಟ ಗಂಡು ಹೆಸರು ದಿಯೋದಾಡೊ. ಆ ಹೆಸರಿನಿಂದ ಕರೆದವರ ತಲೆಗೂದಲಿಗೆ ಮೇಡಂ ಏನು ಮಾಡುತ್ತಿದ್ದರೆಂದು ಬಡಾವಣೆಗೆಲ್ಲ ಗೊತ್ತಿತ್ತು. ಲಾಂಡ್ರಿಯ ಜಾಗದಲ್ಲಿ ಆಲಿಂಗ್ ಸಿಯೋನ್ ಅವರ ಬೇಕರಿ. ಬೆಳಗಿನ ನಾಲ್ಕಕ್ಕೇ ಅಲ್ಲಿಂದ ಬರುತ್ತಿದ್ದ ಪಾನ್‌ದೆಸಾಲ್ ಬನ್ನಿನ ವಾಸನೆಗೆ ನಾನು ಶಾಲೆಗೆ ಏಳುತ್ತಿದ್ದೆ. ದೊಡ್ಡ ನೆರೆ ಬಂದ ವರ್ಷ ಸೌದೆ ಒಲೆಯೊಳಗೆ ಸೊಂಟದೆತ್ತರ ಕೆಸರು ತುಂಬಿ ಬೇಕರಿ ನಿಂತಿತು. ಆಗಿನಿಂದ ಅವರು ಎರಡು ಬೀದಿಯಾಚೆ ಮಗಳ ಮನೆಯಲ್ಲಿದ್ದಾರೆ.

ಜಗಳ ಹತ್ತಿದ್ದು ನಾಲ್ಕನೆಯದಕ್ಕೆ. ಈಗಿನ ಎಟಿಎಂ ಜಾಗದಲ್ಲಿ ಏನಿತ್ತು?

"ಕೊಡೆ ರಿಪೇರಿ," ಎಂದರು ಡಾಡಿಂಗ್.

"ಬಾಡಿಗೆಗೆ ಕಾಮಿಕ್ಸ್ ಕೊಡ್ತಿದ್ರು," ಎಂದೆ ನಾನು. "ಬೆಂಚಿನ ಮೇಲೆ ಕೂತು ನಾನೇ ಓದಿದೀನಿ."

"ನೀನು ಓದಿದ್ದು ಯಾವಾಗ? ಚಿತ್ರ ನೋಡಿದ್ದು!" ಎಂದರು ಟೀಚರ್.

ಮಾಂಗ್ ಆಂಬೊ ಎಟಿಎಂ ಗಾಜಿನ ಮುಂದೆ ಹೋಗಿ ನಿಂತು ನೆಲ ನೋಡುತ್ತಿದ್ದರು. "ಅಂಗಡಿ ಮರೀಬಹುದು, ಕಾಲು ಮರೆಯಲ್ಲ ನಂಗೆ," ಎಂದರು. "ಹತ್ತನೇ ನಂಬರ್ ಕಾಲು. ಎಡಗಾಲ ಹೆಬ್ಬೆರಳ ಬುಡದಲ್ಲಿ ಗಂಟು. ಯಾವಾಗ್ಲೂ ಒದ್ದೆ ಚಪ್ಪಲಿ. ಒಂದ್ ಜೊತೆ ಶೂ ಹೊಲಿಸ್ಕೊಳ್ಳೋ ಅಂದ್ರೆ, ಐಸ್ ಮಾರೋನಿಗೆ ಶೂ ಯಾಕೆ ಅಂತಿದ್ದ."

"ಇಸ್ಕೊ!" ಎಂದು ನಾವೆಲ್ಲ ಒಟ್ಟಿಗೇ ಕೂಗಿದೆವು.

ಐಸ್ ಇಸ್ಕೊ! ನನ್ನ ನಾಲಿಗೆಗೆ ಮರದ ಹೊಟ್ಟಿನ ರುಚಿ ಬಂತು. ಹೊಟ್ಟಿನೊಳಗೆ ಹೂತಿಟ್ಟ ಐಸ್ ಗಡ್ಡೆಯನ್ನು ಅವನು ಗರಗಸದಿಂದ ಕೊಯ್ಯುವಾಗ ಹಾರುವ ಚೂರುಗಳಿಗೆ ನಾವು ಏಳೆಂಟು ಮಂದಿ ಬಾಯಿ ತೆರೆದು ನಿಲ್ಲುತ್ತಿದ್ದೆವು. ಹೊಟ್ಟನ್ನು ಉಗುಳಿ ಐಸ್ ಚೀಪುವುದು ಒಂದು ವಿದ್ಯೆ. ಡಾಡಿಂಗ್ ನೆನಪಿಸಿಕೊಂಡರು: ಇಸ್ಕೊ ಮದುವೆಯ ದಿನ ಅವನ ತಲೆ ಬಾಚಿದ್ದು ತಾವೇ. ಎಷ್ಟು ಎಣ್ಣೆ ಹಚ್ಚಿದರೂ ಹೊಟ್ಟು ಉದುರುತ್ತಲೇ ಇತ್ತಂತೆ. ಅವನಿಗಿಂತ ಮೊದಲು ಅಲ್ಲಿ ಕಾಮಿಕ್ಸ್ ಇತ್ತು, ಅವನು ತೀರಿಕೊಂಡ ಮೇಲೆ ಕೊಡೆಯವರು ಬಂದರು ಎಂಬುದೂ ಇತ್ಯರ್ಥವಾಯಿತು. ಎಲ್ಲರೂ ಹೇಳಿದ್ದು ಸರಿಯೇ ಎಂದಾದಾಗ ಅಷ್ಟು ಹೊತ್ತು ವಾದ ಮಾಡಿದವರಿಗೆ ಕೊಂಚ ನಿರಾಸೆಯೇ ಆಯಿತು.

"ಇಸ್ಕೊ ಬಾಗಿಲಲ್ಲಿ ಯಾರು ನಿಲ್ಲೋದು?" ಎಂದೆ.

"ಯಾರೂ ಬೇಡ," ಎಂದರು ಮಾಂಗ್ ಆಂಬೊ. "ಬಾಗಿಲು ಇರ್ಲಿ. ನೀವು ತಟ್ಟಿ. ಅವ್ನು ತೆಗಿಯಲ್ಲ. ಅದೇ ಉತ್ತರ."

ಟೀಚರ್ ಅದನ್ನೂ ಬರೆದುಕೊಂಡರು.

ತಾಲೀಮಿನಲ್ಲಿ ತೊಂದರೆ ಕೊಟ್ಟವರು ಆಲಿಂಗ್ ಸಿಯೋನ್. ಎಪ್ಪತ್ತೆಂಟು ವರ್ಷದ, ಗುಬ್ಬಿಯಷ್ಟಿರುವ ಮುದುಕಿ. ಹಾಡಬೇಕಾದದ್ದು ಎರಡೇ ಸಾಲು: ಇಲ್ಲಿ ಜಾಗವಿಲ್ಲ, ಮುಂದೆ ಹೋಗಿರಿ. ನಾನೂ ಮರಿಯಳಾಗಿದ್ದ ರೊವೇನಳೂ ಅವರ ಬಾಗಿಲ ಮುಂದೆ ನಿಂತು ಹಾಡಿದೆವು. ಅವರು ರಟ್ಟಿನ ಬಾಗಿಲು ತೆರೆದು, ರೊವೇನಳ ಹೊಟ್ಟೆಗೆ ಕಟ್ಟಿದ ದಿಂಬನ್ನು ನೋಡಿ, "ಎಷ್ಟ್ ತಿಂಗ್ಳಮ್ಮಾ? ಊಟ ಆಯ್ತಾ?" ಎಂದರು.

"ಸಿಯೋನ್!" ಎಂದರು ಟೀಚರ್.

"ಸುಮ್ನೆ ಕೇಳ್ದೆ."

ಎರಡನೇ ಸಲ "ಇಲ್ಲಿ" ಎಂದು ಶುರುಮಾಡಿ ಅಲ್ಲೇ ನಿಲ್ಲಿಸಿದರು. ಮೂರನೇ ಸಲ ಹಾಡು ಪೂರ್ತಿ ಬಂತು, ಆದರೆ ಮುಖ ಪಕ್ಕಕ್ಕೆ ತಿರುಗಿತ್ತು.

"ಅವಳ ಕೈಲಿ ಆಗಲ್ಲ ಬಿಡಿ ಟೀಚರ್," ಎಂದರು ಮಾಂಗ್ ಆಂಬೊ. "ಇವಳ ಬ್ರೆಡ್ಡಿಗೆ ನಿಂತೋರ ಸಾಲು ನನ್ನ ಬಾಗಿಲವರೆಗೂ ಬರ್ತಿತ್ತು. ನನ್ನ ಗಿರಾಕಿಗಳಿಗೆ ಒಳಗೆ ಬರಕ್ಕೇ ದಾರಿ ಇಲ್ಲ. ಇಪ್ಪತ್ತು ವರ್ಷ ದಿನಾ ಬೈಯಕ್ಕೆ ಹೋಗಿದೀನಿ. ಬಾಯಿ ತೆಗೆದ್ರೆ ಬಿಸಿ ಬನ್ನು ತುರುಕ್ತಿದ್ಲು. ಒಂದು ಬೈಗುಳಾನೂ ಪೂರ್ತಿ ಮಾಡಕ್ಕೆ ಬಿಡ್ಲಿಲ್ಲ ಈ ಹೆಂಗಸು!"

"ಬೈಯಕ್ಕಾ ಬರ್ತಿದ್ದೆ ನೀನು? ಬನ್ನಿಗೆ ಬರ್ತಿದ್ದೆ," ಎಂದರು ಆಲಿಂಗ್ ಸಿಯೋನ್.

"ಆವತ್ತು ಸರಿಯಾಗಿ ಹಾಡ್ತೀಯಾ ಇಲ್ವಾ, ಅದನ್ನ ಹೇಳು," ಎಂದರು ಟೀಚರ್.

"ಆವತ್ತು ನೋಡ್ಕೊಳ್ಳೋಣ."

ಇಪ್ಪತ್ನಾಲ್ಕನೇ ತಾರೀಕು ಸಂಜೆ ಐದಕ್ಕೆ ಚೌಕದಲ್ಲಿ ಕಾಲಿಡಲು ಜಾಗವಿರಲಿಲ್ಲ. ನಾಲ್ಕು ಮೂಲೆಗಳಲ್ಲಿ ನಾಲ್ಕು ರಟ್ಟಿನ ಬಾಗಿಲು. ಬೇರೆ ಊರು ಸೇರಿದವರೂ ಹಳೇ ಹೆಸರುಗಳನ್ನು ನೋಡಲೆಂದು ಬಂದಿದ್ದರು. ಒಬ್ಬಾಕೆ ಡಾಡಿಂಗ್ ಪಾರ್ಲರ್ ಬಾಗಿಲ ಮುಂದೆ ನಿಂತು, ತಾನು ಮೊದಲ ಸಲ ಕೂದಲು ಗುಂಗುರು ಮಾಡಿಸಿಕೊಂಡದ್ದು ಇಲ್ಲೇ, ಅಪ್ಪ ಮೂರು ದಿನ ಮಾತಾಡಲಿಲ್ಲ ಎಂದು ಮಕ್ಕಳಿಗೆ ಹೇಳುತ್ತಿದ್ದಳು.

ನಾವು ಮೊದಲು ಶೂ ಅಂಗಡಿಗೆ ಹೋದೆವು. ಮಾಂಗ್ ಆಂಬೊ ಹಳೇ ಚರ್ಮದ ಏಪ್ರನ್ ಕಟ್ಟಿಕೊಂಡು ಎಂಥ ಅಬ್ಬರದಲ್ಲಿ "ಜಾಗವಿಲ್ಲಾ!" ಎಂದು ಹಾಡಿದರೆಂದರೆ ರಟ್ಟಿನ ಬಾಗಿಲೇ ಅದುರಿತು. ಆಮೇಲೆ ಬಗ್ಗಿ ನನ್ನ ಪಾದ ನೋಡಿ, ಹಾಡಿನಲ್ಲಿ ಇಲ್ಲದ ಒಂದು ಮಾತನ್ನು ಸೇರಿಸಿದರು: "ಈ ಚಪ್ಪಲೀಲಿ ಬೇತ್ಲೆಹೇಮ್‌ವರೆಗೂ ನಡ್ಕೊಂಡ್ ಬಂದ್ಯೇನೋ ಮಾರಾಯ?" ಜನ ಶಿಳ್ಳೆ ಹೊಡೆದರು. ಎರಡನೇ ಬಾಗಿಲಲ್ಲಿ ನೇರಳೆ ಗೌನು ತೊಟ್ಟ ಮೇಡಂ ಡಾಡಿಂಗ್ ನಮ್ಮನ್ನು ಅಡಿಯಿಂದ ಮುಡಿವರೆಗೂ ನೋಡಿ, ಜಾಗವಿಲ್ಲವೆಂದು ಇಂಪಾಗಿ ಹಾಡಿ, "ಆ ಗಡ್ಡ ಇಟ್ಕೊಂಡು ಬಾಗಿಲು ತಟ್ಟಿದ್ರೆ ಯಾರ್ ಜಾಗ ಕೊಡ್ತಾರೆ?" ಎಂದು ಬಾಗಿಲು ಹಾಕಿಕೊಂಡರು.

ಮೂರನೆಯದು ಇಸ್ಕೊ ಬಾಗಿಲು. ನಾವು ಹಾಡಿದೆವು. ತಟ್ಟಿದೆವು. ಗದ್ದಲ ತಾನಾಗಿ ನಿಂತಿತು. ನಾನು ಇನ್ನೊಮ್ಮೆ ತಟ್ಟಿದೆ. ಜನರ ನಡುವೆ ಇಸ್ಕೊನ ಮಗಳು ಗಂಡನ ತೋಳು ಹಿಡಿದು ನಿಂತಿದ್ದಳು. ಅವಳು ಅಳುತ್ತಾಳೇನೋ ಎಂದುಕೊಂಡೆ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದಳು: "ಅಪ್ಪ ಮಧ್ಯಾಹ್ನ ನಿದ್ದೆ ಮಾಡಿದ್ರೆ ಹಾಗೇನೇ! ಎಷ್ಟ್ ತಟ್ಟಿದ್ರೂ ಏಳಲ್ಲ!" ಚೌಕವೆಲ್ಲ ನಕ್ಕಿತು. ಹೆಚ್ಚು ನಕ್ಕವಳು ಅವಳೇ.

ಕೊನೆಗೆ ಬೇಕರಿ. ನಾವು ಹಾಡಿ ಮುಗಿಸುವ ಮೊದಲೇ ಬಾಗಿಲು ತೆರೆಯಿತು. ಆಲಿಂಗ್ ಸಿಯೋನ್ ಬಿಳಿ ಟೊಪ್ಪಿ ಹಾಕಿಕೊಂಡಿದ್ದರು. ಕೆನ್ನೆಗೆ ಹಿಟ್ಟು ಮೆತ್ತಿತ್ತು. ವೇಷಕ್ಕೆ ಹಚ್ಚಿಕೊಂಡದ್ದೆಂದು ನಾನು ತಿಳಿದೆ.

"ಒಳಗೆ ಬಾ ಮಗಳೇ," ಎಂದರು.

ರೊವೇನ ನನ್ನ ಮುಖ ನೋಡಿದಳು. ನಾನು ಟೀಚರ್ ಮುಖ ನೋಡಿದೆ. ಅವರು ಹಾಡಿನ ಹಾಳೆಯನ್ನು ಬೀಸುತ್ತ, "ಜಾಗವಿಲ್ಲ! ಜಾಗವಿಲ್ಲ!" ಎಂದು ಪಿಸುಗುಟ್ಟುತ್ತಿದ್ದರು.

"ಇದೆ," ಎಂದರು ಆಲಿಂಗ್ ಸಿಯೋನ್, ಎಲ್ಲರಿಗೂ ಕೇಳುವ ಹಾಗೆ. "ಮೂವತ್ತೊಂದು ವರ್ಷ ಈ ಬಾಗಿಲಲ್ಲಿ ನಿಂತಿದೀನಿ. ಬಂದೋರನ್ನ ಬರಿಗೈಲಿ ಕಳಿಸಿಲ್ಲ. ಈಗ ದೇವರ ತಾಯೀನೇ ಬಂದು ನಿಂತ್ರೆ ಕಳಿಸ್ಲಾ? ನಂಗಾಗಲ್ಲ ಟೀಚರ್. ಬೈದ್ರೆ ಬೈಯಿರಿ."

ಅವರು ರೊವೇನಳ ಕೈ ಹಿಡಿದು ರಟ್ಟಿನ ಬಾಗಿಲು ದಾಟಿಸಿ, ಹಿಂದಿದ್ದ ಲಾಂಡ್ರಿಯ ಗಾಜಿನ ಬಾಗಿಲನ್ನು ತಳ್ಳಿದರು. ಒಳಗೆ ಜೋನಲಿನ್ ಕಾಯುತ್ತಿದ್ದಳು. ನಮ್ಮನ್ನು ನೋಡಿದ್ದೇ ಬಟ್ಟೆ ಬುಟ್ಟಿಗಳ ಮೇಲೆ ಹೊದಿಸಿದ್ದ ಬಿಳಿ ದುಪ್ಪಟಿಗಳನ್ನು ಒಂದೊಂದಾಗಿ ಎತ್ತಿದಳು. ಆರು ಬುಟ್ಟಿ. ಆರರ ತುಂಬ ಪಾನ್‌ದೆಸಾಲ್. ಬೆಳಗಿನಿಂದ ಆಲಿಂಗ್ ಸಿಯೋನ್ ಮಗಳ ಮನೆಯ ಒಲೆಯಲ್ಲಿ ಸುಟ್ಟದ್ದನ್ನು ಇಬ್ಬರೂ ಸೇರಿ ಕದ್ದು ಸಾಗಿಸಿದ್ದರು. ಸಾಬೂನಿನ ಪರಿಮಳದ ಮೇಲೆ ಬನ್ನಿನ ವಾಸನೆ ಎದ್ದು ಹೊರಗೆ ಹೋಯಿತು.

ಆಮೇಲೆ ಯಾರನ್ನೂ ತಡೆಯಲಾಗಲಿಲ್ಲ. ಜನ ನುಗ್ಗಿದರು, ಒಳಗೆ ಜಾಗ ಸಿಗದವರು ಕಿಟಕಿಯಿಂದ ಕೈ ಚಾಚಿದರು. ಕೆಲವರು ಬನ್ನು ಮೂಸಿ ನೋಡಿ ತಿನ್ನದೆ ಹಾಗೇ ನಿಂತಿದ್ದರು. ಮಾಂಗ್ ಆಂಬೊ ದಾರಿ ಮಾಡಿಕೊಂಡು ಬಂದು, "ನಾನು ಜಾಗ ಇಲ್ಲ ಅಂದಿದ್ದು ಸುಳ್ಳು. ನಮ್ಮಲ್ಲೂ ಇತ್ತು. ಬರೆದುಕೊಟ್ಟಿದ್ದನ್ನ ಹಾಡ್ದೆ ಅಷ್ಟೇ," ಎಂದು ರೊವೇನಳ ಕ್ಷಮೆ ಕೇಳಿದರು. ಅವಳು ಬಾಯಿ ತುಂಬ ಬನ್ನಿಟ್ಟುಕೊಂಡು ತಲೆಯಾಡಿಸಿದಳು.

ಟೀಚರ್ ಹೊಸಿಲಲ್ಲೇ ನಿಂತಿದ್ದರು. "ಸಿಯೋನ್, ನೀನಿವರನ್ನ ಇಲ್ಲೇ ಕೂರಿಸ್ಕೊಂಡ್ರೆ ಯೇಸು ಹುಟ್ಟೋದೆಲ್ಲಿ?"

"ಇಲ್ಲೇ ಹುಟ್ಲಿ," ಎಂದರು ಆಲಿಂಗ್ ಸಿಯೋನ್. "ಏನ್ ಕಮ್ಮಿ ಇದೆ? ಬಿಸಿನೀರಿದೆ. ಒಗೆದ ಬಟ್ಟೆ ಇದೆ. ಆ ಕೊಟ್ಟಿಗೇಲಿ ಏನಿತ್ತು, ಸಗಣಿ!"

ಟೀಚರ್ ತುಟಿ ಬಿಗಿ ಹಿಡಿದರು. ಆದರೂ ನಗು ಮೂಗಿನಿಂದ ಹೊರಬಂತು. ಬೆಂಚಿನ ಮೇಲೆ ಕುಸಿದು ಕೂತು, ಕಣ್ಣೊರೆಸಿಕೊಳ್ಳುತ್ತ ಅವರು ನಕ್ಕದ್ದನ್ನು ನಾನು ನನ್ನ ಐವತ್ತನಾಲ್ಕು ವರ್ಷದಲ್ಲಿ ಮೊದಲ ಸಲ ನೋಡಿದೆ. ಜೋನಲಿನ್ ಅವರ ಕೈಗೆ ಬನ್ನು ಕೊಟ್ಟಳು. ಅಲ್ಲಿದ್ದವರೆಲ್ಲ ಅವಳ ಹೆಸರು ಕೇಳುವವರೇ, ಊರು ಕೇಳುವವರೇ. ಅವಳ ಮುಖ ಕೆಂಪಾಗಿತ್ತು.

ಮುಕ್ಕಾಲು ಗಂಟೆಯಾದರೂ ಮೆರವಣಿಗೆ ಬಾರದಾಗ ಫಾದರ್ ಆನ್ಸೆಲ್ಮೊ ಪೂಜಾವಸ್ತ್ರದಲ್ಲೇ ಹುಡುಕಿಕೊಂಡು ಬಂದರು. ಬಟ್ಟೆ ಮಡಿಸುವ ಮೇಜಿನ ಮೇಲೆ ಕಾಲಿಳಿಬಿಟ್ಟು ಕೂತ ಮರಿಯಳನ್ನೂ, ಒಗೆಯುವ ಯಂತ್ರಕ್ಕೆ ಒರಗಿ ತಿನ್ನುತ್ತಿದ್ದ ಯೋಸೇಫನನ್ನೂ ನೋಡಿದರು.

"ಏನಾಯ್ತು?"

"ಜಾಗ ಸಿಕ್ಕಿಬಿಡ್ತು ಫಾದರ್," ಎಂದೆ.

ಅವರು ಕೈ ಚಾಚಿ, "ನಂಗೂ ಒಂದಿದ್ಯಾ?" ಎಂದರು. ಒಂದು ಎಂದವರು ಮೂರು ತಿಂದರು. ಆಮೇಲೆ ಎಲ್ಲರನ್ನೂ ಹೊರಡಿಸಿದರು. ಜೋನಲಿನ್ ಲಾಂಡ್ರಿಗೆ ಬೀಗ ಹಾಕಿ, ಡಾಡಿಂಗ್ ಅವರ ತೋಳು ಹಿಡಿದು ನಮ್ಮ ಜೊತೆಗೇ ಬಂದಳು. ಆವತ್ತು ಬಲಿಪೂಜೆ ಒಂದು ಗಂಟೆ ತಡವಾಯಿತು.

ಆಲಿಂಗ್ ಸಿಯೋನ್ ಅವರ ಕಾಲು ಸೋತಿತ್ತು. ನಿಲುವಂಗಿಯನ್ನು ಮೊಣಕಾಲವರೆಗೆ ಎತ್ತಿ ಕಟ್ಟಿ ನಾನು ಅವರನ್ನು ಟ್ರೈಸಿಕಲ್‌ನಲ್ಲಿ ಚರ್ಚಿಗೆ ಕರೆದೊಯ್ದೆ. ದಾರಿಯುದ್ದಕ್ಕೂ ಪಕ್ಕದ ಗೂಡಿನೊಳಗಿಂದ ಅವರ ನಗು ಕೇಳುತ್ತಿತ್ತು.

"ಟೀಚರ್ ಮುಂದಿನ ವರ್ಷ ನಂಗೆ ಬಾಗಿಲು ಕೊಡಲ್ಲ, ಅಲ್ವೇನೋ?"

"ಖಂಡಿತ ಕೊಡಲ್ಲ."

"ಹಾಗಾದ್ರೆ ಆ ಕೂಸುಗಳನ್ನ ಕೊಲ್ಲಿಸಿದ ಹೆರೋದ ರಾಜನ ಪಾತ್ರ ಕೇಳ್ತೀನಿ."

"ಹೆರೋದ ಯಾರನ್ನೂ ಊಟಕ್ಕೆ ಕರೆಯಲ್ಲ ಆಲಿಂಗ್ ಸಿಯೋನ್."

"ಅವನಿಗೆ ಯಾರಾದ್ರೂ ಹೇಳ್ಕೊಟ್ರಾ ಪಾಪ," ಎಂದರು ಅವರು.