ಈರಮ್ಮನ ಮುಳ್ಳುದಂಟು

ಅಯ್ಯೋ ಶಿವನೇ, ಎಡೆಗಿಡುವ ಮೊದಲೇ ತಿಂದುಬಿಟ್ಟೆನಲ್ಲ! ಪುಟ್ಟಬಸಮ್ಮ ಬರಿದಾದ ದಂಟಿನ ಪಾತ್ರೆಯನ್ನು ಕೆಳಗಿಟ್ಟಳು.

ಪುಣಜನೂರಿನ ಆ ಮನೆಯ ಹಿತ್ತಲಲ್ಲಿ ಮುಳ್ಳುದಂಟು ನೆಟ್ಟವಳು ಈರಮ್ಮ, ಪುಟ್ಟಬಸಮ್ಮನ ಗಂಡನ ಮೊದಲ ಹೆಂಡತಿ. ಕಾಡಿನಿಂದ ಬೇರು ಕಿತ್ತು ತಂದಿದ್ದಳಂತೆ. ಎಲೆಯಂಚಿಗೆಲ್ಲ ಮುಳ್ಳು, ನೆತ್ತಿಗೆ ನೇರಳೆ ಹೂ. ಹಾಳಾದ್ದು, ಬೇಸಿಗೆಗೆ ಒಣಗಿ ಸತ್ತೇ ಹೋಯಿತು ಅನ್ನುವಷ್ಟರಲ್ಲಿ ಮಳೆ ಬಿದ್ದರೆ ಅದೇ ಬೇರಿನಿಂದ ಎದ್ದು ಕೂರುತ್ತಿತ್ತು. ಎಲೆಗಳನ್ನು ಒಟ್ಟಿಗೆ ಹಿಡಿದು ಹುಲ್ಲಿನ ಹುರಿಯಲ್ಲಿ ಕಟ್ಟಿ, ಬಿಸಿಲು ಸೋಕದಂತೆ ಬುಡಕ್ಕೆ ಮಣ್ಣೇರಿಸಿದರೆ ದಂಟು ಬೆಳ್ಳಗಾಗಿ ಕಹಿ ಬಿಡುತ್ತದೆ. ಈರಮ್ಮ ಎಡಚಿ, ಅವಳ ಗಂಟು ಎಡಕ್ಕೆ ಸುತ್ತಿರುತ್ತಿತ್ತು ಎಂದು ಅತ್ತೆ ಆಗಾಗ ಹೇಳುತ್ತಿದ್ದಳು.

ರಾಜ್ಯ ಒಂದಾದ ವರ್ಷ, ಹೆರಿಗೆನೋವಿನಲ್ಲಿ ಚಾಮರಾಜನಗರಕ್ಕೆ ಹೊರಟ ಎತ್ತಿನ ಗಾಡಿಯಲ್ಲೇ ಈರಮ್ಮ ತೀರಿಕೊಂಡಳು. ಕೂಸೂ ಉಳಿಯಲಿಲ್ಲ. ಅಲ್ಲಿಂದ ಈಚೆಗೆ ಪ್ರತಿ ವರ್ಷದ ಮೊದಲ ದಂಟು ಪಿತೃಪಕ್ಷದ ಎಡೆಯಲ್ಲಿ ಅವಳಿಗೇ ಸಲ್ಲಬೇಕು.

ಪುಟ್ಟಬಸಮ್ಮ ಈಗ ತುಂಬು ಬಸುರಿ. ಹಿಂದಿನ ಎರಡು ಬಸಿರು ನಿಂತಿರಲಿಲ್ಲ. ಎಡೆಗೆಂದು ಬೇಯಿಸಿದ ದಂಟಿನ ವಾಸನೆಗೆ ಬಯಕೆ ತಡೆಯಲಾರದೆ ಪಾತ್ರೆಯನ್ನೇ ಬರಿದು ಮಾಡಿದ್ದಳು. ಸತ್ತ ಸವತಿ ಈ ಕೂಸನ್ನೂ ಬಿಡುವುದಿಲ್ಲ ಎಂದು ಹೆದರಿ ಅತ್ತೆಯನ್ನು ಕೂಗಿದಳು.

“ಅತ್ತೆ, ತಪ್ಪು ಮಾಡ್ಬುಟ್ಟೆ,” ಎಂದು ಅತ್ತಳು.

ಅತ್ತೆ ಬರಿದಾದ ಪಾತ್ರೆ ನೋಡಿದಳು. ಬೈಯಲಿಲ್ಲ. “ಅವ್ಳೂ ಬಸ್ರೀಲಿ ಇದ್ಕೇ ಆಸೆಪಟ್ಟು ನೆಟ್ಟಿದ್ಲು ಕಣಮ್ಮಿ. ದಂಟು ಬೆಳ್ಳಗಾಗೋ ಗಂಟ ಜೀವ ಉಳೀನಿಲ್ಲ. ಒಂದು ತುಂಡೂ ತಿನ್ನನಿಲ್ಲ ನನ್ ಮಗಳು. ಓಗು, ಅವ್ಳನ್ನೇ ಕೇಳ್ಕೊ.”

ಪುಟ್ಟಬಸಮ್ಮ ಹಿತ್ತಲಿಗೆ ಹೋಗಿ ಗಿಡದ ಮುಂದೆ ಕೂತಳು.

“ಅಕ್ಕಾ, ನಿನ್ ಪಾಲು ನಾನು ತಿಂದ್ಬುಟ್ಟೆ. ಈ ಕೂಸು ನಿಂದೂ ಕಣಕ್ಕ. ಇದೊಂದ ಉಳಿಸ್ಕೊಡು.”

ಗಾಳಿಯೇ ಇರಲಿಲ್ಲ. ಆದರೂ ಎಲೆಗಳು ಅಲುಗಿದವು. ಆಗಲೇ ಹೊಟ್ಟೆಯೊಳಗೆ ಕೂಸು ಜೋರಾಗಿ ಒದೆಯಿತು. ಅಬ್ಬಾ, ಅವಳಿಗೆ ಹೋದ ಜೀವ ಬಂದಂತಾಯಿತು, ಹೆದರಿಕೆ ಮಾತ್ರ ಹೋಗಲಿಲ್ಲ. ಕಣ್ಣೊರೆಸಿಕೊಂಡು, ಇನ್ನೂ ಕಟ್ಟದೆ ಉಳಿದಿದ್ದ ಎಲೆಗಳನ್ನು ಕೂಡಿಸಿ ಹುರಿ ಬಿಗಿದಳು. ಮುಗಿಸಿ ನೋಡಿದರೆ, ಯಾವಾಗಲೂ ಬಲಕ್ಕೇ ಸುತ್ತುತ್ತಿದ್ದ ಅವಳ ಗಂಟು ಎಡಕ್ಕೆ ಸುತ್ತಿತ್ತು.

ಬಾಗಿಲಲ್ಲಿ ನಿಂತಿದ್ದ ಅತ್ತೆಯೂ ಆ ಗಂಟನ್ನೇ ನೋಡುತ್ತಿದ್ದಳು.

“ಈರಮ್ಮಿ,” ಎಂದಳು ಮೆಲ್ಲಗೆ, “ಒಳಕ್ಕೆ ಬಾ. ಇಬ್ಬನಿ ಬೀಳ್ತದೆ.”

“ಬಂದೆ ಕಣತ್ತೆ,” ಎಂದು ಪುಟ್ಟಬಸಮ್ಮ ಎಡಗೈ ಊರಿ ಎದ್ದಳು.